ಹರಿಗೋಲಿನವನ ಖಾಲಿ ಜಾಗ

ನನ್ನ ಮೊಮ್ಮಗಳ ಹೋಂಸ್ಟೇಗೆ ಇವತ್ತು ಮೊದಲ ಅತಿಥಿಗಳು ಬಂದರು! ಈ ವಾರವೂ ಯಾರೂ ಬಾರದಿದ್ದರೆ ಬೀಗ ಹಾಕುವವಳಿದ್ದಳು.

ಅವರನ್ನು ಕರೆತಂದವನು ಗಂಗಾವತಿ ಕಡೆಯ ನಮ್ಮ ಹೊಳೆಯ ಹರಿಗೋಲಿನವನು. ಎಷ್ಟೇ ಜನರಿದ್ದರೂ ಹರಿಗೋಲಿನಲ್ಲಿ ಒಬ್ಬರ ಜಾಗ ಖಾಲಿ ಬಿಡುತ್ತಿದ್ದ. "ಯಾರಿಗೋ ಅದು?" ಎಂದರೆ, "ಹಿಂದ ಬರಾವ್ರಿಗೆ" ಎನ್ನುತ್ತಿದ್ದ. ದಡದಲ್ಲಿ ಯಾರಿಲ್ಲದಿದ್ದರೂ ಕೈಬೀಸಿ, "ಜಾಗಾ ಐತಿ, ಬರ್ರಿ!" ಎಂದು ಕೂಗುತ್ತಿದ್ದ. ಅವನು ಹಾಗೆ ಕೂಗುವ ಹಳೆಯ ವಿಡಿಯೊವನ್ನೇ ಮೊಮ್ಮಗಳು ಹೋಂಸ್ಟೇಯ ಜಾಹೀರಾತಿಗೆಂದು ಇಂಟರ್ನೆಟ್ಟಿಗೆ ಹಾಕಿದ್ದಳು.

"ಅಜ್ಜಾರ, ಇವ್ರು ಎಲ್ಲದಾರ್ರಿ?" ಅತಿಥಿಗಳಲ್ಲೊಬ್ಬಳಾದ ಹುಬ್ಬಳ್ಳಿಯ ಹೆಣ್ಣುಮಗಳು ಫೋನಿನಲ್ಲಿ ಆ ವಿಡಿಯೊ ತೋರಿಸಿದಳು.

"ಅಂವ ತೀರಿಕೊಂಡು ಎರಡು ವರ್ಷಾತವ್ವಾ."

"ನನ್ನನ್ನ ನೋಡೇ ಕರದಂಗಿತ್ತಲ್ಲರಿ!"

ಫೋನಿನಲ್ಲಿ ಅವನಿನ್ನೂ ಕೈಬೀಸುತ್ತಿದ್ದ.

ಸಂಜೆ ಅತಿಥಿಗಳೊಂದಿಗೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕುಳಿತೆವು. ಯಾರೂ ಹೇಳಿರಲಿಲ್ಲ, ನಡುವೆ ಒಬ್ಬರ ಜಾಗ ಖಾಲಿ ಉಳಿದಿತ್ತು. ಮೊಮ್ಮಗಳು ಅಲ್ಲಿಗೂ ಒಂದು ತಾಟಿಟ್ಟು ರೊಟ್ಟಿ ಬಡಿಸಿದಳು.