ಸಾವ್ಕಾರ್ರ ಕಾರಿನ ಟಕಟಕ

ಕಾಫಿ ಪಿಕ್ಕಿಂಗ್ ಜೋರಾಗಿದ್ದ ದಿನಗಳು. ಸಿದ್ದಾಪುರದ ನನ್ನ ಗ್ಯಾರೇಜಿಗೆ ಎಸ್ಟೇಟ್ ಸಾವ್ಕಾರ್ರೊಬ್ಬರು ತಮ್ಮ ಹಳೇ ಕಾರು ತಂದರು. ಪಕ್ಕದಲ್ಲಿ ಅವರ ತೋಟದಲ್ಲಿ ಆಳುಗಳನ್ನು ನೋಡಿಕೊಳ್ಳುವ ರೈಟರ್ ಕೂತಿದ್ದ. ಸಣ್ಣ ಗುಂಡಿಗೆ ಇಳಿದರೂ ಮುಂದಿನ ಚಕ್ರದ ಹತ್ತಿರ ಟಕಟಕ ಸದ್ದು.

"ಶಾಕ್ ಅಬ್ಸಾರ್ಬರ್ ಹೋಗಿದೆ ಅಲ್ವಾ?" ಅಂದರು ಸಾವ್ಕಾರ್ರು.

ಕಾರಿನಡಿ ನುಗ್ಗಿದೆ. ಶಾಕ್ ಅಬ್ಸಾರ್ಬರ್ ಸರಿಯಾಗೇ ಇತ್ತು. ಚಕ್ರದ ಹಿಂದಿರೋ ಲಿಂಕ್ ರಾಡ್ ಅನ್ನೋ ಸಣ್ಣ ಸರಳು ಹಿಡಿದು ಅಲ್ಲಾಡಿಸಿದೆ. ಬೀಳೋ ಹಲ್ಲಿನ ಹಾಗೆ ಅಲುಗಿತು. ಆ ಕಡೆಯದ್ದೂ ಅಷ್ಟೇ.

ಸಾವ್ಕಾರ್ರು ಟೀ ಕುಡಿಯಲು ಹೋದದ್ದೇ ತಡ, ರೈಟರ್ ಬಗ್ಗಿ ಕೇಳಿದ: "ಅಣ್ಣಾ, ಹೀಗೇ ಬಿಟ್ರೆ ಚಕ್ರ ಕಳಚಿ ಬೀಳ್ತದಾ?"

"ಚಕ್ರ ಬೀಳಲ್ಲ. ಸದ್ದು ಮಾತ್ರ ಜಾಸ್ತಿಯಾಗ್ತದೆ."

"ಹಾಗಾದ್ರೆ ಬಿಟ್ಬಿಡಿ ಅಣ್ಣಾ. ಹಳೇ ಕಾರು, ಪಾಪ, ಸ್ವಲ್ಪ ಮಾತಾಡ್ಕೊಂಡಿರ್ಲಿ."

ನನ್ನ ಗ್ಯಾರೇಜಿನಿಂದ ಸದ್ದು ಮಾಡಿಕೊಂಡು ಕಾರು ಹೋಗುವುದೇ? ಎರಡೂ ಕಡೆ ಹೊಸ ಲಿಂಕ್ ರಾಡ್ ಹಾಕಿದೆ. ಕಾರು ಬೆಕ್ಕಿನ ಹಾಗೆ ಹೋಯಿತು. ಒಳಗೆ ರೈಟರ್ ಮುಖ ಊದಿಸಿಕೊಂಡು ಕೂತಿದ್ದ.

ಮುಂದಿನ ವಾರ ಸಾವ್ಕಾರ್ರು ಒಬ್ಬರೇ ಬಂದರು. "ಏನು ಮಾಡಿದೆ ಮಾರಾಯ ನನ್ನ ಕಾರಿಗೆ?"

"ಮತ್ತೆ ಸದ್ದಾ ಸಾರ್?"

"ಸದ್ದಿದ್ದಾಗಲೇ ಚೆನ್ನಾಗಿತ್ತು! ನಾನು ಯಾವಾಗ ತೋಟಕ್ಕೆ ಹೋದ್ರೂ ಎಲ್ರೂ ತಲೆ ಎತ್ತದೆ ಕಾಫಿ ಕೊಯ್ತಿದ್ರು. ನೀನು ರಿಪೇರಿ ಮಾಡಿದ ಮೇಲೆ, ಹೋದಾಗೆಲ್ಲ ಮರದಡಿ ಎಲೆಅಡಿಕೆ ಹಾಕ್ಕೊಂಡು ಕೂತಿರ್ತಾರೆ. ರೈಟರ್ ಗೊರಕೆ ಹೊಡೀತಿರ್ತಾನೆ!"

ನಗು ತಡೆದುಕೊಂಡು, "ಹಳೇ ಲಿಂಕ್ ರಾಡ್ ಇನ್ನೂ ಇಲ್ಲೇ ಬಿದ್ದಿದೆ. ವಾಪಸ್ ಹಾಕ್ಲಾ ಸಾರ್?" ಅಂದೆ.

ನಾನು ಕೇಳಿದ್ದು ತಮಾಷೆಗೆ. ಅವರು ಕಾರಿನ ಕೀ ನನ್ನ ಕೈಗಿಟ್ಟು ಟೀ ಕುಡಿಯಲು ಹೋದರು.