ಎರಡನೇ ಫೋಟೊ

ಬಿಸಿಲಿನ ಬಗ್ಗೆ ನಡೆಯುವ ಸಭೆಗಳಿಗೆ ಹೋಗಿ ಹೋಗಿ ನನಗೆ ಶಾಲು ಕಂಡರೆ ಹೇಸಿಗೆ ಬರುವಂತಾಗಿದೆ. ನಾನು ನಿವೃತ್ತ ನರ್ಸು. ಬೀದರ ಊರಂಚಿನ ನೌಬಾದದಲ್ಲಿ ಮನೆ. ನಮ್ಮ ಮನೆತನದ ಹೆಣ್ಣುಮಕ್ಕಳು ಅಜ್ಜಿಯ ಕಾಲದಿಂದಲೂ ಒಂದೋ ಶಾಲೆಗೆ, ಇಲ್ಲವೇ ಆಸ್ಪತ್ರೆಗೆ. ಭಾನುವಾರ ಚರ್ಚು, ಉಳಿದ ದಿನ ವಾರ್ಡು. ನಿವೃತ್ತಿಯ ಮೇಲೆ ಸುಮ್ಮನೆ ಕೂತಿರಲಾರದೆ, ಹವಾಮಾನ ಬದಲಾಗುತ್ತಿರುವುದನ್ನು ಜನರಿಗೆ ತಿಳಿಹೇಳುವ ಒಂದು ತಂಡಕ್ಕೆ ಸೇರಿಕೊಂಡೆ. ಬೇಸಿಗೆಯಲ್ಲಿ ಮೈ ಕಾದು ವಾರ್ಡಿಗೆ ಬಂದು ಬಿದ್ದವರನ್ನು ನೋಡಿದ್ದೆನಲ್ಲ, ನಾಲ್ಕು ಮಾತು ಹೇಳಬಲ್ಲೆ ಎಂಬ ಧೈರ್ಯವಿತ್ತು.

ಮೊದಲ ಸಭೆ ಬೀದರಿನಲ್ಲಿ. ಎಸಿ ಎಷ್ಟು ಜೋರಾಗಿತ್ತೆಂದರೆ ಸೆರಗು ಹೊದ್ದು ಕೂತೆ. ಗೋಡೆಯ ಮೇಲೆ ಒಂದಾದ ಮೇಲೊಂದು ನಕ್ಷೆ, ಮೇಲೇರುವ ಕೆಂಪು ಗೆರೆ, ಎಲ್ಲವೂ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನವರು ಗೋಡಂಬಿ ಮೆಲ್ಲುತ್ತ ಮೊಬೈಲಿನಲ್ಲಿ ಮುಳುಗಿದ್ದರು. ಜನರಿಗೆ ತಿಳಿಯುವುದಿಲ್ಲ, ಜನರಿಗೆ ತಿಳಿಸಬೇಕು ಎಂದು ಬಂದವರೆಲ್ಲ ಅದನ್ನೇ ಹೇಳಿದರು. ಕೊನೆಗೆ ಒಬ್ಬರು ನನ್ನ ಕಡೆ ತಿರುಗಿ, "ಸಿಸ್ಟರ್, ಇದನ್ನೆಲ್ಲ ಜರಾ ಕನ್ನಡ ಮಾಡಿ ಹಳ್ಳ್ಯಾಗ ಹೇಳಿಬಿಡ್ರಿ" ಎಂದರು. ತೊಡಕಿರುವುದು ಭಾಷೆಯಲ್ಲೇ ಎಂದು ನಾನೂ ನಂಬಿದೆ.

ಔರಾದ ಹತ್ತಿರದ ಒಂದು ಕೆರೆಯಲ್ಲಿ ಸರ್ಕಾರದ ಕೂಲಿ ಯೋಜನೆಯಡಿ ಹೂಳೆತ್ತುವ ಕೆಲಸ ನಡೆದಿತ್ತು. ದುಡಿಯುವವರು ಹೆಚ್ಚಾಗಿ ಹೆಂಗಸರು. ನಸುಕಿನಲ್ಲೇ ಬಂದು ಹನ್ನೊಂದರ ಒಳಗೆ ತಮ್ಮ ಪಾಲಿನ ಮಣ್ಣು ಎತ್ತಿ ಮುಗಿಸುತ್ತಿದ್ದರು. ಆದರೆ ಮನೆಗೆ ಹೋಗುವಂತಿಲ್ಲ. ಹಾಜರಿಗೆ ಮೊಬೈಲಿನಲ್ಲಿ ಎರಡು ಫೋಟೊ ಆಗಬೇಕು, ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡಕ್ಕೆ ಇನ್ನೊಂದು. ಎರಡನೆಯದರಲ್ಲಿ ಮುಖ ಇಲ್ಲದಿದ್ದರೆ ಆ ದಿನದ ಕೂಲಿ ಇಲ್ಲ. ಹೀಗಾಗಿ ಮಾಡಲು ಕೆಲಸವಿಲ್ಲದಿದ್ದರೂ ಒಣಗಿದ ಕೆರೆಯಂಗಳದಲ್ಲಿ ಎರಡು ಗಂಟೆಯವರೆಗೆ ಕಾಯುವುದು. ಇದ್ದದ್ದು ಒಂದೇ ಜಾಲಿ ಗಿಡ.

ನಾನು ಅಲ್ಲಿಗೆ ಹೋಗಿ ಬಾಯಿ ತೆರೆಯುವ ಮೊದಲೇ ಗುಂಪಿನ ಮುಂದಾಳು ಹೆಂಗಸು ತಡೆದಳು. ಫೋಟೊ ಹೊಡೆಯುವವಳೂ ಅವಳೇ, ಹೊತ್ತು ಗೊತ್ತುಮಾಡುವವರು ಮಾತ್ರ ಮೇಲಿನವರು.

"ಸಿಸ್ಟರ್, ಬಿಸಲ ಭಾಳ ಅದ ಅಂತ ನಮಗ್ಯಾಕ ಹೇಳ್ತೀರಿ? ನನ್ನ ಸೊಸಿ ಆರು ತಿಂಗಳ ಬಸರಿ ಅದಾಳ್ರಿ. ಮನ್ಯಾಗ ಇರು ಅಂದ್ರ ಕೇಳವಲ್ಲಳು. ಆ ಎರಡನೇ ಫೋಟೊ ಹನ್ನೊಂದಕ್ಕ ಮಾಡ್ರಿ ಅಂತ ಸಾಹೇಬರಿಗಿ ಹೇಳ್ರಿ. ಅಷ್ಟ ಸಾಕು."

ಸೊಸೆ ಜಾಲಿಯ ಬುಡದಲ್ಲಿ ಕೂತಿದ್ದಳು. ಪಾದಗಳು ಊದಿದ್ದವು. ಇದೊಂದನ್ನು ಮಾಡಿಸಿಯೇ ತೀರಬೇಕು ಅಂದುಕೊಂಡೆ.

ಹೊತ್ತು ಬದಲಿಸುವ ಅಧಿಕಾರವಿದ್ದ ಆ ಸಾಹೇಬರು ಸಿಕ್ಕಿದ್ದು ಭಾಲ್ಕಿಯ ಒಂದು ಜಾಗೃತಿ ಕಾರ್ಯಕ್ರಮದಲ್ಲಿ. ತಗಡಿನ ಶೆಡ್ಡು. ಕುರ್ಚಿ ಭರ್ತಿ ಮಾಡಲೆಂದು ಸಾಯಗಾಂವ ಕಡೆಯ ಹೆಂಗಸರನ್ನು ಟೆಂಪೊದಲ್ಲಿ ತುಂಬಿ ತಂದಿದ್ದರು. ಸಾಹೇಬರು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬಂದ ಮೇಲೆ ಸನ್ಮಾನ. ನಮ್ಮ ಕಡೆ ಹೆಣದ ಮುಂದೆ ಬಿಟ್ಟು ಉಳಿದೆಲ್ಲ ಕಡೆ ಸನ್ಮಾನ ಆಗಲೇಬೇಕು. ಅತಿಥಿಗಳಿಗೆ, ಅಧ್ಯಕ್ಷರಿಗೆ, ಅಧ್ಯಕ್ಷರ ಭಾವನಿಗೆ, ಮೈಕಿನವನಿಗೆ. ನನಗೂ ಒಂದು ದಪ್ಪ ಶಾಲು, ಅದರ ಮೇಲೊಂದು ಮಾಲೆ. ಬಿಸಿಲಿನಿಂದ ಪಾರಾಗುವುದು ಹೇಗೆಂದು ಹೇಳಲು ಬಂದವಳು ಉಣ್ಣೆ ಹೊದ್ದು ಬೆವರುತ್ತ ನಿಂತಿದ್ದೆ. ತೆಗೆಯಹೋದರೆ ಕ್ಯಾಮೆರಾದವನು "ಇನ್ನೊಂದ್ ಸಲ ಇತ್ತ ನೋಡ್ರಿ" ಅನ್ನುತ್ತಿದ್ದ. ಥೂ, ನಾಚಿಕೆಗೇಡು.

ನನಗೆ ಉಳಿದದ್ದು ಐದು ನಿಮಿಷ. ಕೆಂಪು ಗೆರೆಗಳನ್ನೆಲ್ಲ ಬದಿಗಿಟ್ಟು ನಮ್ಮ ಮಾತಿನಲ್ಲೇ ಹೇಳಿದೆ.

"ಮಣ್ಣಿನ ಗಡಿಗಿ ಹೊರಗ ಬೆವರ್ತದ, ಅದಕ್ಕ ಒಳಗಿನ ನೀರು ತಂಪ ಇರ್ತಾವ. ನಮ್ಮ ಮೈನೂ ಹಂಗ. ಗಾಳಿ ಹಸಿ ಆಗಿ ಧಗಿ ಏರಿದಾಗ ಬೆವರು ಆರಂಗಿಲ್ಲ. ಆಗ ಸುಮ್ಮನ ಕೂತವರ ಮೈನೂ ಕುದೀತದ. ಈಗಿನ ಬ್ಯಾಸಗಿ ಮೊದಲಿನಂಗ ಉಳಿದಿಲ್ರಿ, ರಾತ್ರಿ ಸೈತ ತಂಪಾಗವಲ್ಲದು."

ಹೆಂಗಸರು ತಲೆಯಾಡಿಸಿದರು. ಆಮೇಲೆ ಸಾಹೇಬರ ಕಡೆ ತಿರುಗಿ ಕೈಮುಗಿದೆ. ಕೆರೆಯ ಕೆಲಸದಲ್ಲಿ ಬಸುರಿಯರಿದ್ದಾರೆ, ಎರಡನೇ ಫೋಟೊ ಹನ್ನೊಂದಕ್ಕೆ ಮಾಡಿ ಎಂದು ನೇರವಾಗಿ ಕೇಳಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

"ಸಿಸ್ಟರ್ ಭಾಳ ಛಲೋ ಹೇಳಿದ್ರು," ಎಂದು ಮೈಕು ಹಿಡಿದರು. "ನಾವು ಫ್ರಿಜ್ಜಿನ ಬೆನ್ನು ಹತ್ತಿ ಗಡಿಗಿ ಮರ್ತೀವಿ. ನಮ್ಮ ಹಿರಿಯರದು ಎಂಥಾ ವಿಜ್ಞಾನ ನೋಡ್ರಿ!" ಕೆಲಸದ ಪ್ರತಿ ಜಾಗಕ್ಕೂ ಒಂದೊಂದು ಮಣ್ಣಿನ ಗಡಿಗೆ ಕೊಡುವುದಾಗಿ ಅಲ್ಲೇ ಘೋಷಿಸಿದರು. ಫೋಟೊದ ಹೊತ್ತಿನ ಬಗ್ಗೆ ಚಕಾರವಿಲ್ಲ. ಸಂದೇಶ ಸರಿಯಾಗಿ ಮುಟ್ಟಿತು ಎಂದು ನಮ್ಮ ತಂಡದವರು ನನ್ನ ಬೆನ್ನು ತಟ್ಟಿದರು. ನಾನು ಮನೆಗೆ ಬಂದು ನನ್ನನ್ನೇ ಬೈದುಕೊಂಡೆ. ಗಡಿಗೆಯ ಮಾತು ತೆಗೆಯಬಾರದಿತ್ತು, ಇನ್ನೂ ಬಿಡಿಸಿ ಹೇಳಬೇಕಿತ್ತು ಎಂದು.

ಮುಂದಿನ ವಾರ ಕೆರೆಗೆ ಹೋದಾಗ ಗಡಿಗೆ ಬಂದಿತ್ತು, ಕುತ್ತಿಗೆಗೆ ರಿಬ್ಬನ್ನು ಸಮೇತ. ಸೊಸೆ ವಾಂತಿ ಮಾಡಿಕೊಂಡು ಜಾಲಿಯ ಕೆಳಗೆ ಬಿದ್ದಿದ್ದಳು. ನಾಡಿ ಓಡುತ್ತಿತ್ತು, ಮೈ ಸುಡುತ್ತಿತ್ತು. ಬಟ್ಟೆ ತೋಯಿಸಿ ತಲೆಗೂ ಕುತ್ತಿಗೆಗೂ ಹೊದಿಸಿ, ಸಾಹೇಬರಿಗೆ ಫೋನು ಹಚ್ಚಿದೆ. ಎಲ್ಲರೂ ಕೇಳಲೆಂದು ಸ್ಪೀಕರು ಹಾಕಿದೆ.

"ಸಾಹೇಬ್ರ, ಒಮ್ಮೆ ಇಲ್ಲಿಗಿ ಬರ್ರಿ. ಇವರ ಜೋಡಿ ಎರಡರ ತನಕ ಕೂಡ್ರಿ. ಆಮ್ಯಾಲ ಏನ್ ಮಾಡ್ತೀರಿ ಮಾಡ್ರಿ."

"ಏ, ಈ ಬಿಸಲಾಗ ಅಲ್ಲಿ ಹ್ಯಾಂಗ ಕೂಡೋದ್ರಿ ಸಿಸ್ಟರ್? ಮನಷ್ಯಾ ಸಾಯ್ತಾನ. ಮಳಿ ಬೀಳಲಿ, ಬರ್ತೇನಿ."

ಸಾಹೇಬರು ಫೋನು ಇಟ್ಟರು. ಅವರಿಗೆ ತಿಳಿಸಿಹೇಳಲು ನಾನು ಪಟ್ಟ ಪಾಡೆಲ್ಲ ನೆನಪಾಗಿ ಮೈಯೆಲ್ಲ ಉರಿಯಿತು. ತಿಳಿಯದ್ದು ಏನೂ ಇರಲಿಲ್ಲ. ಅಲ್ಲಿ ಕೂತರೆ ಸಾಯುತ್ತಾರೆ ಎಂಬುದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಈಗಲೇ ಔರಾದ ಆಸ್ಪತ್ರೆಗೆ ಹೊರಡೋಣ ಎಂದು ಸೊಸೆಯನ್ನು ಎಬ್ಬಿಸಹೋದೆ. ಅವಳು ನನ್ನ ಮುಂಗೈ ಹಿಡಿದುಕೊಂಡು, "ಫೋಟೊ ಆಗಲ್ರಿ" ಎಂದಳು. ಅದೆಷ್ಟು ಗದರಿಸಿದರೂ ಏಳಲಿಲ್ಲ.

ಎರಡಕ್ಕೆ ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಿಸಿದರು. ಅತ್ತೆ ಮೊಬೈಲು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಸಿಸ್ಟರ್, ಮುಖ ಕಾಣವಲ್ಲದ್ರಿ."

ಅವಳ ತಲೆಯಿಂದ ಮುಖಕ್ಕೆ ಇಳಿದಿದ್ದ ಒದ್ದೆ ಬಟ್ಟೆಯನ್ನು ನಾನೇ ತೆಗೆದೆ.