ಬಲಗಿವಿಯ ಮೇಲೆ ಒಂದೇ ಪದರ

ದಿಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಇರುವವರು ಇಬ್ಬರು, ಕಿವಿ ಸರಿಯಾಗಿರುವವನು ನಾನೊಬ್ಬ. ಅದನ್ನೂ ನೋಯ್ಡಾದ ಒಂದು ಕಸ್ಟಮರ್ ಕೇರ್‌ಗೆ ಬಾಡಿಗೆ ಕೊಟ್ಟಿದ್ದೇನೆ. ಫ್ರಿಜ್ಜು ತಣ್ಣಗಾಗದ ಜನ ದಿನವಿಡೀ ಅದರೊಳಕ್ಕೆ ಬೈಯುತ್ತಾರೆ, ತಿಂಗಳಾದರೆ ಸಂಬಳ ಬರುತ್ತದೆ. ಹಾಗಾಗಿ ಆ ಭಾನುವಾರ ಅಕ್ಕ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಏನಾದರೂ ಮಾತಾಡು ಎಂದಾಗ, ಬೈಸಿಕೊಳ್ಳದೆ ಮಾತಾಡುವ ಅವಕಾಶ ಸಿಕ್ಕಿತೆಂದು ಖುಷಿಯಾಯಿತು.

ಅಕ್ಕ ಎಂದರೆ ಮೈಮೂನಾ ನದಾಫ್. ನಾವು ಹರಿಹರದ ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ, ಮನೆಮಾತು ಕನ್ನಡ. ಭೂಗೋಳದಲ್ಲಿ ಎಂ.ಎ. ಮಾಡಿ ಐಎಎಸ್ ಎಂಬ ದೊಡ್ಡ ಪರೀಕ್ಷೆ ಬರೆಯಲು ಅವಳು ದಿಲ್ಲಿಗೆ ಬಂದಳು. ಪಾಸಾಗಲಿಲ್ಲ. ಪಾಸಾಗದವರು ಮುಂದೆ ಪಾಸಾಗುವವರಿಗೆ ದಾರಿ ತೋರಿಸುವುದು ಮುಖರ್ಜಿ ನಗರದ ಕೋಚಿಂಗ್ ಬೀದಿಗಳ ಧರ್ಮ. ಅದರಂತೆ ಅವಳೂ ಒಂದು ಕೋಚಿಂಗ್ ಸೆಂಟರಿನ ಹಿಂದಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಉಳಿದಳು. ಪಾಠ ಮಾಡಬೇಕೆಂಬುದು ಅವಳ ಆಸೆ. ಸೋಮವಾರ ಡೆಮೊ ಕ್ಲಾಸ್ ಎಂದು ಕೊನೆಗೂ ಕರೆದಿದ್ದರು. ಹುಡುಗರು ಒಪ್ಪಿದರೆ ಸಂಜೆಯ ಬ್ಯಾಚು ಅವಳದು, ಇಲ್ಲವಾದರೆ ಮತ್ತೆ ಹಿಂದಿನ ಕೋಣೆ.

ಅಡ್ಡಿಯಾಗಿದ್ದು ಕಿವಿ. ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಮಷೀನು. ಈ ವಿಷಯ ನನಗೆ ಮತ್ತು ಡಾಕ್ಟರಿಗೆ ಬಿಟ್ಟರೆ ಅವ್ವನಿಗೂ ಗೊತ್ತಿಲ್ಲ. ಗೊತ್ತಾಗಲು ದಾರಿಯೇ ಇರಲಿಲ್ಲ. ಮಷೀನು ಬರುವ ಮೊದಲೇ ಹಿಜಾಬ್ ಬಂದಿತ್ತು. ನಮ್ಮ ಕಡೆ ಅವ್ವ, ಚಿಕ್ಕಮ್ಮಂದಿರು ತಲೆಯ ಮೇಲೆ ಸೀರೆಯ ಸೆರಗು ಹೊದೆಯುತ್ತಾರೆ ಅಷ್ಟೆ. ಅಕ್ಕ ಮಾತ್ರ ದಿಲ್ಲಿಗೆ ಬಂದ ಮೇಲೆ ಯಾರೂ ಹೇಳದೆ ಹಿಜಾಬ್ ಕಟ್ಟತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ. ನನ್ನ ಗಡ್ಡ ಯಾಕೆಂದು ಅವಳೂ ಕೇಳಿರಲಿಲ್ಲ. ನನ್ನದು ಸೋಮಾರಿತನದ ಗಡ್ಡ, ಅವಳದು ಹಾಗಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ದಿನವೂ ಕಟ್ಟುವ ರೀತಿ ಬಿಗಿಯಾದದ್ದು. ಬಟ್ಟೆ ಅದುಮಿದರೆ ಮಷೀನು ಕುಂಯ್ ಎಂದು ಸೀಟಿ ಹೊಡೆಯುತ್ತದೆ. ತಲೆ ತಿರುಗಿಸಿದರೆ ಒಣ ಎಲೆ ತುಳಿದಂತೆ ಪರಪರ ಸದ್ದು. ಹಿಂದಿನ ಕೋಣೆಯಲ್ಲಿ ಅದರಿಂದ ತೊಂದರೆ ಇರಲಿಲ್ಲ; ಉತ್ತರಪತ್ರಿಕೆಗಳು ಮಾತಾಡುವುದಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಡೌಟ್ ಕೇಳುತ್ತಾರೆ.

ಹೀಗಾಗಿ ಸರೋಜಿನಿ ನಗರದ ಮಾರ್ಕೆಟ್ಟಿನಿಂದ ತಂದ ಸ್ಕಾರ್ಫುಗಳೆಲ್ಲ ಮಂಚದ ಮೇಲೆ ಹರಡಿದವು. ಮೊಬೈಲಿನಲ್ಲಿ ಒಬ್ಬಳು ಹುಡುಗಿ ನಗುನಗುತ್ತ ನಿಮಿಷದಲ್ಲಿ ಸುತ್ತಿ ಮುಗಿಸುತ್ತಿದ್ದಳು. ಅಕ್ಕ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಬೀರುವಿನ ಕನ್ನಡಿಯೆದುರು ಒದ್ದಾಡುತ್ತಿದ್ದಳು. ಮೊದಲನೆಯದರಲ್ಲಿ ಗಲ್ಲದ ಕೆಳಗೆ ಬಟ್ಟೆ ಗಂಟುಗಂಟಾಗಿ ನಿಂತಿತು. ಹಲ್ಲುನೋವಿನವಳ ಹಾಗಿದೆ ಎಂದೆ; ಸ್ಕಾರ್ಫಿನ ತುದಿಯಿಂದ ಏಟು ಬಿತ್ತು. ಇನ್ನೊಂದು ಚೆನ್ನಾಗಿತ್ತು, ಆದರೆ ಮಷೀನು ಸೀಟಿ ಹೊಡೆಯಿತು. ಆಮೇಲಿನದು ಪೇಟದಂತೆ ತಲೆಯ ಮೇಲೆ ಸುತ್ತುವುದು, ಕಿವಿ ಪೂರ್ತಿ ಹೊರಗೆ. ಎಲ್ಲಾ ಕೇಳುತ್ತಿದೆ ಎಂದಳು. ಕನ್ನಡಿಯಲ್ಲಿ ತನ್ನನ್ನೇ ಸ್ವಲ್ಪ ಹೊತ್ತು ನೋಡಿ, ಬಿಚ್ಚಿ ಮಂಚದ ಮೇಲೆ ಹಾಕಿದಳು.

"ಕೇಳ್ತಿತ್ತಲ್ಲ, ಯಾಕೆ ತೆಗೆದೆ?" ಎಂದೆ.

"ಕಿವಿ ಮುಚ್ಚಿರಬೇಕು ಕಣೋ." ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. "ಮುಚ್ಕೊಳ್ತಿರೋದು ದೇವರಿಗೋಸ್ಕರವೋ ಮಷೀನಿಗೋಸ್ಕರವೋ, ಈಗ ನನಗೇ ಗೊತ್ತಾಗ್ತಿಲ್ಲ. ಮೊದಲು ಗೊತ್ತಿತ್ತು."

ನಾನು ಚಹಾಕ್ಕೆ ನೀರಿಟ್ಟೆ.

ಕೊನೆಗೆ ಒಂದು ತೆಳು ಜಾರ್ಜೆಟ್ ಸ್ಕಾರ್ಫು ಒಗ್ಗಿತು. ನಾನು ಬೆನ್ನು ತಿರುಗಿಸಿ ನಿಂತು, ಶುಂಠಿ ಎಲ್ಲಿಟ್ಟಿದ್ದೀ, ಅವ್ವ ಫೋನ್ ಮಾಡಿದ್ದಳಾ, ಕರೆಂಟ್ ಬಿಲ್ ಬಂತಾ ಎಂದು ದನಿ ತಗ್ಗಿಸುತ್ತ ಕೇಳಿದೆ. ಎಲ್ಲಕ್ಕೂ ಪಟಪಟ ಉತ್ತರ. ಗೆದ್ದೆವು ಎಂದು ಚಹಾ ಕುಡಿಯುತ್ತಿರುವಾಗ, ತೆರೆದ ಬಾಗಿಲಲ್ಲಿ ಮನೆಯ ಮಾಲೀಕಿ ಸಬರ್‌ವಾಲ್ ಆಂಟಿ ನಿಂತು, ನಾಳೆ ಬೆಳಿಗ್ಗೆ ನೀರಿನ ಮೋಟರ್ ಯಾರು ಹಾಕುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಅವರಿಗೆ ಬೆನ್ನಾಗಿ ಕೂತಿದ್ದ ಅಕ್ಕ ತಿರುಗಿ, ನಕ್ಕು, "ಹಾಂಜೀ ಆಂಟಿ, ಹಾಂಜೀ" ಎಂದಳು. ಯಾರು ಎಂದದ್ದಕ್ಕೆ ಹೌದು ಎಂಬ ಉತ್ತರ ಕೇಳಿ ಆಂಟಿ ನನ್ನ ಮುಖ ನೋಡಿದರು.

ನಮ್ಮ ತಪ್ಪು ಆಗ ಹೊಳೆಯಿತು. ಪರೀಕ್ಷೆ ನಡೆದದ್ದು ಕನ್ನಡದಲ್ಲಿ, ಅದೂ ನನ್ನ ಕನ್ನಡದಲ್ಲಿ. ಶುಂಠಿ ಎನ್ನುವ ಮೊದಲೇ ಅವಳಿಗೆ ಶುಂಠಿ ಗೊತ್ತು. ಚಿಕ್ಕಂದಿನಿಂದ ಕೇಳಿದ ಮಾತನ್ನು ಕಿವಿ ಕೇಳಬೇಕಾಗಿಯೇ ಇಲ್ಲ, ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತದೆ. ಅಕ್ಕ ಇದನ್ನೇ ಇನ್ನೂ ನೇರವಾಗಿ ಹೇಳಿದಳು: "ನೀನು ಇವತ್ತಿನವರೆಗೆ ಹೊಸದೇನಾದ್ರೂ ಹೇಳಿದ್ದೀಯೇನೋ?"

ಆದರೆ ಹೊಸ ದನಿ ಬೇಕಿದ್ದರೆ ಯಾರಿಗಾದರೂ ವಿಷಯ ಹೇಳಲೇಬೇಕು. ಆಂಟಿ ಅಷ್ಟರಲ್ಲಿ ಮೆಟ್ಟಿಲಿಳಿಯುತ್ತಿದ್ದರು. ಅಕ್ಕ ಲೋಟ ಕೆಳಗಿಟ್ಟು ಬಾಗಿಲಿಗೆ ಹೋಗಿ ಕರೆದಳು. ತನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಮಷೀನಿದೆ ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

"ಅಚ್ಛಾ," ಎಂದರು ಆಂಟಿ. "ಮೆಟ್ಟಿಲ ಮೇಲೆ ನಾನು ಮಾತಾಡಿಸಿದ್ರೂ ನೀನು ಸುಮ್ಮನೆ ಹೋಗ್ತಿದ್ದದ್ದು ಜಂಬಕ್ಕಲ್ಲ ಹಾಗಾದ್ರೆ." ಆಮೇಲೆ ಒಳಗೆ ಬಂದು ಕೂತು, ತಮ್ಮ ಗಂಡನಿಗೂ ಮಷೀನು ಕೊಡಿಸಿದ್ದಾಗಿದೆ ಎಂದರು. "ಡ್ರಾಯರ್‌ನಲ್ಲಿಟ್ಟಿದ್ದಾರೆ. ಈಗ ಡ್ರಾಯರ್‌ಗೆ ಎಲ್ಲಾ ಕೇಳ್ಸುತ್ತೆ, ಅವರಿಗೆ ಏನೂ ಇಲ್ಲ."

ಮಧ್ಯಾಹ್ನವೆಲ್ಲ ಆಂಟಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಹಿಂದಿ ಪೇಪರು ಓದಿದರು. ಅಕ್ಕ ಬೆನ್ನು ಮಾಡಿ ನಿಂತು, ಕೇಳಿದ್ದನ್ನು ತಿರುಗಿ ಹೇಳಿದಳು. ಪಿನ್ನು ಎಡಭುಜಕ್ಕೆ ಹೋಯಿತು. ಸ್ಕಾರ್ಫಿನಡಿ ಹಾಕುವ ಒಳಟೋಪಿಯ ಅಂಚು ಕಿವಿಯ ಹಿಂದಕ್ಕೆ ಸರಿಯಿತು. ಬಲಗಿವಿಯ ಮೇಲೆ ಒಂದೇ ಪದರ, ಗಾಳಿ ಆಡುವಷ್ಟು ಸಡಿಲ. ಸೀಟಿ ನಿಂತಿತು, ಕಿವಿಯೂ ಮುಚ್ಚಿತ್ತು. ಆದರೆ ಫ್ಯಾನ್ ಹಾಕಿದೊಡನೆ ಪೇಪರಿನ ಅರ್ಧ ಸುದ್ದಿ ಮಾಯ. ಅದಕ್ಕೆ ಯಾವ ಸ್ಟೈಲಿನಲ್ಲೂ ಮದ್ದಿರಲಿಲ್ಲ.

ಸೋಮವಾರ ರಜೆ ಹಾಕಿ ನಾನು ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ವಯಸ್ಸು, ಗಡ್ಡ, ಸೋತ ಕಳೆ ಎಲ್ಲ ಸೇರಿ ಯಾರಿಗೂ ಅನುಮಾನ ಬರಲಿಲ್ಲ. ಪಕ್ಕದವನು ಇದು ಎಷ್ಟನೇ ಅಟೆಂಪ್ಟ್ ಎಂದು ಸಹಾನುಭೂತಿಯಿಂದ ಕೇಳಿದ. ಅಕ್ಕ ಹಿಮಾಲಯದ ನದಿಗಳನ್ನು ಬೋರ್ಡಿಗೆ ಇಳಿಸಿದಳು, ಚೆನ್ನಾಗಿಯೇ ಇಳಿಸಿದಳು. ಸೆಂಟರಿನ ಮುಖ್ಯಸ್ಥರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಮೇಲೆ ಫ್ಯಾನುಗಳು ಗರಗರ ತಿರುಗುತ್ತಿದ್ದವು. ನನ್ನ ಪಕ್ಕದವನೇ ಕೂತಲ್ಲಿಂದ ಏನೋ ಕೇಳಿದ. ಅಕ್ಕ ತಿರುಗಿದಳು. ಮುಖದ ಮೇಲೆ ಆ 'ಹಾಂಜೀ' ನಗು ಬರತೊಡಗಿದ್ದು ನನಗೆ ಕಂಡಿತು.

ನಗು ಅರ್ಧಕ್ಕೆ ನಿಂತಿತು. ಅವಳು ಚಾಕ್‌ಪೀಸು ಕೆಳಗಿಟ್ಟು, ಬಲಗಿವಿಯ ಮೇಲಿನ ಪದರವನ್ನು ಎರಡು ಬೆರಳಿಂದ ತುಸು ಎತ್ತಿ ತೋರಿಸಿದಳು.

"ಇದು ಮಷೀನು," ಎಂದಳು ಹಿಂದಿಯಲ್ಲಿ. "ಫ್ಯಾನೂ ನೀವೂ ಒಟ್ಟಿಗೆ ಮಾತಾಡಿದ್ರೆ ಇದು ಫ್ಯಾನ್ ಮಾತೇ ಕೇಳುತ್ತೆ. ಡೌಟ್ ಇದ್ದವರು ಎದ್ದು ನಿಂತು, ನನ್ನ ಕಡೆ ಮುಖ ಮಾಡಿ ಕೇಳಿ."

ಪದರ ಮತ್ತೆ ಕಿವಿಯ ಮೇಲೆ ಇಳಿಯಿತು. ಪಕ್ಕದವನು ಎದ್ದು ನಿಂತು ಕೇಳಿದ. ಅವಳು ಉತ್ತರಿಸಿದಳು. ಅವನ ಬಳಿಕ ಇನ್ನೊಬ್ಬಳು ಎದ್ದಳು, ಆಮೇಲೆ ಮತ್ತೊಬ್ಬ. ಮುಖ್ಯಸ್ಥರು ಒಳಗೆ ಬಂದು, ಗೋಡೆಯ ಪಕ್ಕದ ಫ್ಯಾನಿನ ಸ್ವಿಚ್ಚನ್ನು ತಾವೇ ಆರಿಸಿ ಹೋದರು. ಬ್ಯಾಚು ಯಾರದಾಯಿತೆಂದು ಆಗಲೇ ತಿಳಿಯಿತು.

ಆ ಉತ್ಸಾಹದಲ್ಲಿ ನಾನೂ ಎದ್ದು ನಿಂತೆ. ಗುರುತೇ ಇಲ್ಲದವಳಂತೆ ಅಕ್ಕ ನನ್ನ ತುಟಿಗಳನ್ನೇ ನೋಡುತ್ತ ಕಾದಳು. ನಾನೇನು ಹೇಳುತ್ತೇನೆಂದು ಮೊದಲ ಸಲ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.